ಗಿಟಾರಿನ ವೇಗವೂ ಮೂರು ಕಾಲದ ಸರಳೆಯೂ

ಹೊರನಾಡಿನ ಕನ್ನಡ ಮನೆಗಳಲ್ಲಿ ಇಂದು ವೀಣೆಗಿಂತ ಗಿಟಾರೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಅಭಿರುಚಿಯ ಪಲ್ಲಟವೊಂದೇ ಕಾರಣವಲ್ಲ. ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯ ಆದೇಶ ಹಿಡಿದು ಊರು ಬದಲಿಸುವ ನಮ್ಮಂತಹ ಕೇಂದ್ರ ಸರ್ಕಾರದ ನೌಕರರು ಹಲಸಿನ ಮರದ ಕೊಡವುಳ್ಳ ವೀಣೆಯನ್ನು ದೆಹಲಿಯಿಂದ ಹೈದರಾಬಾದಿಗೆ, ಅಲ್ಲಿಂದ ಪುಣೆಗೆ ಸಾಗಿಸುವುದು ಎಷ್ಟು ಆತಂಕದ ಕೆಲಸವೆಂಬುದು ಲಾರಿಗೆ ಸಾಮಾನು ಹೇರಿಸಿದವರಿಗೆಲ್ಲ ತಿಳಿದಿದೆ. ಗಿಟಾರಾದರೆ ಬೆನ್ನಿಗೇರಿಸಿಕೊಂಡು ರೈಲು ಹತ್ತಬಹುದು. ಕಲಿಸುವವರು ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಹೀಗಾಗಿ ನಮ್ಮ ಮಕ್ಕಳು ಗಿಟಾರ್ ಕಲಿಯುತ್ತಿದ್ದಾರೆ. ನಲವತ್ತು ದಾಟಿದ ಕೆಲವರೂ ಕಚೇರಿಯಿಂದ ಬಂದು ಊಟಕ್ಕೆ ಮೊದಲಿನ ಅರ್ಧ ಗಂಟೆಯನ್ನು ಅದಕ್ಕೆಂದು ಎತ್ತಿಟ್ಟಿದ್ದೇವೆ.

ಸಂತೋಷದ ಸಂಗತಿಯೇ. ಆದರೆ ಕಲಿಕೆ ಎರಡನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಅನೇಕ ಮನೆಗಳಲ್ಲಿ ಒಂದೇ ಬಗೆಯ ಬೇಸರ ಕಾಣುತ್ತದೆ. ಮೊಬೈಲಿನ ಪರದೆಯಲ್ಲಿ ಯಾರೋ ಒಬ್ಬ ಬಾಲಕ ಮಿಂಚಿನಂತೆ ಬೆರಳಾಡಿಸುತ್ತಾನೆ. ನಮ್ಮ ಹುಡುಗಿಗೂ ಹುಡುಗನಿಗೂ ಆ ವೇಗವೇ ಸಂಗೀತವೆಂದು ತೋರುತ್ತದೆ. ಓಡಲು ಹೋಗುತ್ತಾರೆ, ಸ್ವರಗಳು ಒಂದರ ಮೇಲೊಂದು ಮುಗ್ಗರಿಸುತ್ತವೆ, ಮಣಿಕಟ್ಟು ನೋಯುತ್ತದೆ, ಗಿಟಾರು ಅಲಮಾರಿನ ಹಿಂದಕ್ಕೆ ಸರಿಯುತ್ತದೆ. 'ಇನ್ನೂ ಇಷ್ಟೇನಾ?' ಎಂದು ಕೇಳುವ ತಂದೆತಾಯಿಗಳೂ ಇದ್ದಾರೆ. ಅವರ ಪಾಲನ್ನು ಕಡೆಗಣಿಸಲಾಗದು.

ನಮ್ಮ ಅಭಿಪ್ರಾಯ ಇಷ್ಟು: ಗಿಟಾರಿನಲ್ಲಿ ವೇಗವನ್ನೂ ಶುದ್ಧಿಯನ್ನೂ ಒಟ್ಟಿಗೆ ಸಾಧಿಸಲು ಬೇಕಾದ ಅಭ್ಯಾಸಕ್ರಮ ಕರ್ನಾಟಕ ಸಂಗೀತದ ಪ್ರಾಥಮಿಕ ಪಾಠಗಳಲ್ಲಿ ಸಿದ್ಧವಾಗಿಯೇ ಇದೆ. ಸರಳೆ, ಜಂಟಿ, ದಾಟು, ಅಲಂಕಾರ ಎಂಬ ಆ ನಾಲ್ಕು ಹೆಸರುಗಳನ್ನು ಕೇಳದ ಕನ್ನಡ ಮನೆ ಅಪರೂಪ. ಅವುಗಳನ್ನು ಮೂರು ಕಾಲದಲ್ಲಿ ನುಡಿಸುವ ಪದ್ಧತಿ, ಇಂದು ಎಲ್ಲೆಡೆ ಬೋಧಿಸಲಾಗುವ ಮೆಟ್ರೊನೋಮ್‌ನ ಅಂಕಿ ಏರಿಸುವ ಪದ್ಧತಿಗಿಂತ ಮೇಲಾದದ್ದು. ಇದನ್ನು ಸ್ವಾಭಿಮಾನದಿಂದ ಹೇಳುತ್ತಿಲ್ಲ. ಕೈ ಹೇಗೆ ಕಲಿಯುತ್ತದೆ ಎಂಬುದನ್ನು ನೋಡಿ ಹೇಳುತ್ತಿದ್ದೇವೆ.

ಮೊದಲು ಗಿಟಾರಿನಲ್ಲಿ ಅಶುದ್ಧಿ ಎಂದರೇನೆಂಬುದು ಸ್ಪಷ್ಟವಾಗಬೇಕು. ಒಂದು ಸ್ವರ ಹುಟ್ಟಬೇಕಾದರೆ ಎರಡು ಕೈಗಳು ಒಂದೇ ಕ್ಷಣದಲ್ಲಿ ಕೂಡಬೇಕು. ಎಡಗೈಯ ಬೆರಳು ತಂತಿಯನ್ನು ಫ್ರೆಟ್ಟಿನ ಹಿಂಬದಿಯಲ್ಲಿ ಒತ್ತಿರಬೇಕು. ಬಲಗೈಯ ಪಿಕ್ ಅಥವಾ ಉಗುರು ಆಗಲೇ ಅದನ್ನು ಮೀಟಬೇಕು. ಎಡಗೈ ಕೂದಲೆಳೆಯಷ್ಟು ತಡವಾದರೆ ಮಂಕು ಸದ್ದು. ಬೇಗ ಎದ್ದರೆ ಸ್ವರಕ್ಕೆ ಆಯುಸ್ಸಿಲ್ಲ. ಬೆರಳು ಎರಡು ಫ್ರೆಟ್ಟುಗಳ ನಡುವೆ ಕುಳಿತರೆ ತಂತಿ ಗುಂಯ್‌ಗುಡುತ್ತದೆ, ಅದನ್ನು ಅಡಗಿಸಲು ಇನ್ನಷ್ಟು ಒತ್ತಬೇಕಾಗುತ್ತದೆ. ಫ್ರೆಟ್ಟಿಗೆ ಒತ್ತಾಗಿ ಕುಳಿತರೆ ಹಗುರವಾದ ಸ್ಪರ್ಶವೇ ಸಾಕು. ಇವುಗಳ ಜೊತೆಗೆ, ನುಡಿಸದೆ ಬಿಟ್ಟ ಪಕ್ಕದ ತಂತಿಗಳು ತಾವಾಗಿ ಕಂಪಿಸುವ ಉಪದ್ರವ. ಈ ದೋಷಗಳೆಲ್ಲ ನಿಧಾನಗತಿಯಲ್ಲಿ ಕಿವಿಗೆ ಬೀಳುತ್ತವೆ, ವೇಗದಲ್ಲಿ ಬೀಳುವುದಿಲ್ಲ. ಧೂಳೆಬ್ಬಿಸಿಕೊಂಡು ಓಡುವವನ ಹೆಜ್ಜೆ ಧೂಳಿನಲ್ಲೇ ಮರೆಯಾಗುತ್ತದೆ. ವಿದ್ಯುತ್ ಗಿಟಾರಿನ ಡಿಸ್ಟಾರ್ಷನ್ ಈ ಧೂಳನ್ನು ಇಮ್ಮಡಿಗೊಳಿಸುತ್ತದೆ: ಏರುಪೇರಾದ ಮೀಟುಗಳನ್ನು ಸಮಗೊಳಿಸಿ ನುಡಿಸುವವನನ್ನು ಮೆಚ್ಚಿಸುತ್ತದೆ, ಬೇಡದ ತಂತಿಗಳ ಗದ್ದಲವನ್ನು ಮಾತ್ರ ದೊಡ್ಡದು ಮಾಡುತ್ತದೆ. ಆದುದರಿಂದ ಅಭ್ಯಾಸದ ಹೊತ್ತಿನಲ್ಲಿ ಆಂಪ್ಲಿಫೈಯರ್‌ನ ತಂತಿ ಗೋಡೆಗೆ ಚುಚ್ಚದಿರುವುದೇ ಲೇಸು. ಸರ್ಕಾರಿ ವಸತಿಗೃಹಗಳ ತೆಳು ಗೋಡೆಗಳೂ ಇದನ್ನೇ ಬಯಸುತ್ತವೆ.

ಕೈಗೆ ಸರಿತಪ್ಪುಗಳ ವಿವೇಕವಿಲ್ಲ. ಹತ್ತು ಸಲ ಏನನ್ನು ಮಾಡಿತೋ ಹನ್ನೊಂದನೆಯ ಸಲವೂ ಅದನ್ನೇ ಮಾಡುತ್ತದೆ. ಹಳೆಯ ಕಡತದ ತಪ್ಪು ಹೊಸ ಟಿಪ್ಪಣಿಗೆ, ಅಲ್ಲಿಂದ ಮುಂದಿನ ಪತ್ರಕ್ಕೆ, ಯಾರ ದುರುದ್ದೇಶವೂ ಇಲ್ಲದೆ ನಕಲಾಗುತ್ತ ಹೋಗುವುದನ್ನು ಕಚೇರಿಗಳಲ್ಲಿ ಬಲ್ಲವರು ಇದನ್ನು ಬೇಗ ಒಪ್ಪುತ್ತಾರೆ. ಮುಗ್ಗರಿಸುತ್ತ ನೂರು ಸಲ ನುಡಿಸಿದವನು ಮುಗ್ಗರಿಸುವುದನ್ನು ನೂರು ಸಲ ಅಭ್ಯಾಸ ಮಾಡಿರುತ್ತಾನೆ.

ಇದಕ್ಕೆ ಮದ್ದೆಂದು ಎಲ್ಲ ಕೈಪಿಡಿಗಳೂ ಮೆಟ್ರೊನೋಮನ್ನು ಸೂಚಿಸುತ್ತವೆ. ಮೆಲ್ಜೆಲ್ 1815ರಲ್ಲಿ ಪೇಟೆಂಟ್ ಪಡೆದ ಆ ಯಂತ್ರ ಈಗ ಮೊಬೈಲಿನೊಳಗೆ ಪುಕ್ಕಟೆಯಾಗಿ ಕುಳಿತಿದೆ. ವಿಧಾನವೂ ಸರಳ: ನಿಮಿಷಕ್ಕೆ 60 ಬಡಿತಗಳಲ್ಲಿ ಆರಂಭಿಸು; ತಪ್ಪಿಲ್ಲದೆ ಬಂದರೆ 65ಕ್ಕೆ ಏರು; ಬಳಿಕ 70; ಹೀಗೆಯೇ 120ರವರೆಗೆ. ಮೆಟ್ಟಿಲು ಹತ್ತಿದಂತೆ ವೇಗ ಬರುತ್ತದೆಂದು ಭರವಸೆ. ನಿಧಾನವಾಗಿ ಆರಂಭಿಸಬೇಕೆಂಬ ಮಾತಿನಲ್ಲಿ ನಮಗೆ ತಕರಾರಿಲ್ಲ. ಆದರೆ ಮೆಟ್ಟಿಲಿನ ಹೋಲಿಕೆ ಅರ್ಧ ಸತ್ಯ ಮಾತ್ರ.

ನಡಿಗೆಯನ್ನು ಚುರುಕುಗೊಳಿಸುತ್ತ ಹೋದರೆ ಅದು ಓಟವಾಗುವುದಿಲ್ಲ, ಬಿರುನಡಿಗೆಯಾಗುತ್ತದೆ. ಓಟದಲ್ಲಿ ದೇಹ ಬೇರೆಯೇ ವಿನ್ಯಾಸವನ್ನು ತಳೆಯುತ್ತದೆ. ಎರಡು ಪಾದಗಳೂ ನೆಲ ಬಿಡುವ ಗಳಿಗೆಯೊಂದು ಅಲ್ಲಿದೆ, ನಡಿಗೆಯಲ್ಲಿ ಅದಿಲ್ಲ. ಗಿಟಾರಿನ ಕೈಯೂ ಹಾಗೆಯೇ. ನಿಧಾನದ ಬಡಿತ ತೀರ ಉದಾರಿ. ಪಿಕ್ಕನ್ನು ತಂತಿಯಿಂದ ಒಂದು ಅಂಗುಲ ದೂರಕ್ಕೆ ಬೀಸಿದರೂ, ಕಿರುಬೆರಳು ಆಕಾಶಕ್ಕೆ ನೆಗೆದರೂ, ತಂತಿಯನ್ನು ಕತ್ತು ಹಿಸುಕುವಂತೆ ಒತ್ತಿದರೂ ಮುಂದಿನ ಬಡಿತಕ್ಕೆ ಮರಳಿ ಬರಲು ಸಮಯ ಉಳಿದಿರುತ್ತದೆ. 60ರಿಂದ 65ಕ್ಕೆ ಏರುವಾಗ ಆಗುವ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ತನ್ನ ಚಲನೆಯನ್ನು ಬದಲಿಸಿಕೊಳ್ಳಬೇಕಾದ ಒತ್ತಾಯ ಕೈಗೆ ಹುಟ್ಟುವುದೇ ಇಲ್ಲ. ಅದೇ ದೊಡ್ಡ ಬೀಸನ್ನು ಸ್ವಲ್ಪ ಅವಸರದಿಂದ ಮಾಡುತ್ತದೆ. ಹೀಗೆ ಐದೈದಾಗಿ ಏರುತ್ತ ಹೋಗಿ ಒಂದು ದಿನ 100ರಲ್ಲೋ 110ರಲ್ಲೋ ಗೋಡೆ ಎದುರಾಗುತ್ತದೆ. ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ, ದೊಡ್ಡ ಬೀಸು ಬೇರೂರಿರುತ್ತದೆ. ಕಲಿಯುವವರು ಆಗ ಮಾಡುವುದು ಒಂದೇ: ಹಲ್ಲು ಕಚ್ಚಿ, ಮುಂಗೈ ಬಿಗಿಹಿಡಿದು ಗೋಡೆಗೆ ಢಿಕ್ಕಿ ಹೊಡೆಯುವುದು. ನೋವು ಶುರುವಾಗುವುದೂ ಅಲ್ಲಿಯೇ. ಇದರ ಜೊತೆಗೆ ಅಂಕಿಯ ಮೋಹ ಬೇರೆ. 'ನಿನ್ನದು ಎಷ್ಟು?' 'ನನ್ನದು ನೂರ ನಲವತ್ತು' ಎಂದು ಮಕ್ಕಳು ಮಾತಾಡಿಕೊಳ್ಳುವುದನ್ನು ಕೇಳಿದರೆ ರಕ್ತದೊತ್ತಡದ ರೋಗಿಗಳು ವೈದ್ಯರ ಕೋಣೆಯ ಹೊರಗೆ ಕುಳಿತಂತೆ ಭಾಸವಾಗುತ್ತದೆ.

ಈಗ ಸರಳೆ ವರಸೆಯನ್ನು ನೋಡೋಣ. ಸಂಪ್ರದಾಯ ಇದನ್ನು ಪುರಂದರದಾಸರ ಕೊಡುಗೆಯೆಂದು ಗೌರವಿಸುತ್ತದೆ. ಮಾಯಾಮಾಳವಗೌಳ ರಾಗ, ಎಂಟು ಅಕ್ಷರಗಳ ಆದಿತಾಳ. ಮೊದಲ ಸರಳೆಯಲ್ಲಿ ಆರೋಹಣಕ್ಕೆ ಎಂಟು, ಅವರೋಹಣಕ್ಕೆ ಎಂಟು, ಒಟ್ಟು ಹದಿನಾರು ಸ್ವರಗಳು. ಒಂದನೆಯ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ತಾಳ ಹಾಕುವ ಕೈ ಮಾತ್ರ ಎಲ್ಲಿದ್ದಿತೋ ಅಲ್ಲಿಯೇ ಇರುತ್ತದೆ. ಸೆಕೆಂಡಿಗೊಂದು ಬಡಿತವೆಂದು ಇಟ್ಟುಕೊಂಡರೆ ಅದೇ ಹದಿನಾರು ಸ್ವರಗಳಿಗೆ ಮೊದಲು 16 ಸೆಕೆಂಡು, ಆಮೇಲೆ 8, ಕೊನೆಗೆ 4.

ಇದರಲ್ಲಿ ಏನು ಹೆಚ್ಚಳ? ಮೊದಲನೆಯದಾಗಿ, ಏರಿಕೆ ಐದೈದು ಬಡಿತಗಳದ್ದಲ್ಲ, ಇಮ್ಮಡಿಯದು. ಕೈ ತನ್ನ ಸೋಮಾರಿ ಚಲನೆಯನ್ನು ಎರಡನೆಯ ಕಾಲಕ್ಕೆ ಹೊತ್ತೊಯ್ಯಬಲ್ಲದು, ಮೂರನೆಯ ಕಾಲಕ್ಕೆ ಒಯ್ಯಲಾರದು. ಗೋಡೆ ಆರು ತಿಂಗಳ ನಂತರ ಎದುರಾಗುವ ಬದಲು ಮೊದಲ ದಿನದ ಮೂರನೆಯ ನಿಮಿಷದಲ್ಲಿಯೇ ಎದುರಾಗುತ್ತದೆ. ಅದನ್ನು ಕಂಡ ಮೇಲೆ ಒಂದನೆಯ ಕಾಲಕ್ಕೆ ಮರಳುತ್ತೇವೆ. ಈಗ ನಿಧಾನಕ್ಕೆ ಒಂದು ಅರ್ಥ ಬಂದಿದೆ: ಮೂರನೆಯ ಕಾಲದಲ್ಲಿ ಯಾವ ಸಣ್ಣ ಚಲನೆ ಬೇಕಾಯಿತೋ ಅದನ್ನೇ ಇಲ್ಲಿ ಬಿಡುವಾಗಿ ಮಾಡಿ ನೋಡುವುದು. ಎಂದರೆ ನಿಧಾನದ ಅಭ್ಯಾಸವು ವೇಗದ ಚಲನೆಯನ್ನು ಬಿಡಿಸಿಟ್ಟು ನೋಡುವ ಅಭ್ಯಾಸವಾಗಬೇಕು. ಬರೀ ನಿಧಾನದಿಂದ ಪ್ರಯೋಜನ ಕಡಿಮೆ. ಎರಡನೆಯದಾಗಿ, ತಾಳದ ವೇಗವನ್ನು ನಿರ್ಧರಿಸುವುದು ಮೂರನೆಯ ಕಾಲ. ಅದು ಶುದ್ಧವಾಗಿ ಬರುವುದಾದರೆ ತಾಳ ಸರಿಯಾಗಿದೆ. ಬರದಿದ್ದರೆ ತಾಳವನ್ನೇ ಇಳಿಸಬೇಕು, 50ಕ್ಕೆ, ಅಗತ್ಯವಿದ್ದರೆ 40ಕ್ಕೆ.

ಹಾಗೆ ಇಳಿಸಿದಾಗ ಒಂದು ವಿಚಿತ್ರ ನಡೆಯುತ್ತದೆ. ಎಲ್ಲರೂ ಸುಲಭವೆಂದುಕೊಂಡ ಒಂದನೆಯ ಕಾಲವೇ ಕಠಿಣವಾಗುತ್ತದೆ. ನಿಮಿಷಕ್ಕೆ 40 ಬಡಿತವೆಂದರೆ ಒಂದು ಸ್ವರ ಒಂದೂವರೆ ಸೆಕೆಂಡು ನಿಲ್ಲಬೇಕು. ಆ ಒಂದೂವರೆ ಸೆಕೆಂಡಿನ ಉದ್ದಕ್ಕೂ ಅದು ತುಂಬಿ ನಿಲ್ಲಬೇಕು, ಮುಂದಿನ ಬೆರಳು ಬೀಳುವವರೆಗೆ ಹಿಂದಿನದು ಏಳಬಾರದು, ಮುಂದಿನ ಬಡಿತಕ್ಕೆ ಮುಂಚೆ ಕೈ ಹಾರಬಾರದು. ವೇಗವಾಗಿ ನುಡಿಸಬಲ್ಲವರೆಂದು ಹೆಸರಾದ ಅನೇಕ ತರುಣರನ್ನು ಇಲ್ಲಿ ಕೂರಿಸಿದರೆ ಎರಡು ಆವರ್ತ ಮುಗಿಯುವ ಮೊದಲೇ ಬಡಿತಕ್ಕಿಂತ ಮುಂದೆ ಹೋಗಿರುತ್ತಾರೆ. ಇವರ ವೇಗ ಇವರ ಅಂಕೆಯಲ್ಲಿಲ್ಲ.

ಗಿಟಾರಿನ ಕೊರಳಿಗೆ ಮಾಯಾಮಾಳವಗೌಳ ಹೊಂದುವ ರೀತಿಯೂ ಗಮನಿಸತಕ್ಕದ್ದು. ತೆಳುವಾದ ಮೊದಲ ತಂತಿಯ ತೆರೆದ ಧ್ವನಿಯನ್ನೇ ಷಡ್ಜವೆಂದು ಹಿಡಿದರೆ ರಿ 1ನೆಯ ಫ್ರೆಟ್ಟಿನಲ್ಲಿ, ಗ 4ರಲ್ಲಿ, ಮ 5ರಲ್ಲಿ, ಪ 7ರಲ್ಲಿ, ದ 8ರಲ್ಲಿ, ನಿ 11ರಲ್ಲಿ, ಮೇಲಿನ ಸ 12ರಲ್ಲಿ. ಸರಿಗಮ ಮತ್ತು ಪದನಿಸ ಎಂಬ ಎರಡು ಅರ್ಧಗಳು ಆಕಾರದಲ್ಲಿ ಅವಳಿಗಳು. ಒಂದನ್ನು ಕಲಿತ ಕೈಗೆ ಇನ್ನೊಂದು ಅರ್ಧ ಕಲಿತಂತೆಯೇ. ರಿಷಭದಿಂದ ಗಾಂಧಾರಕ್ಕೆ ಮೂರು ಫ್ರೆಟ್ಟುಗಳ ಅಂತರ. ಅಲ್ಲಿ ಬೆರಳನ್ನು ಹಿಗ್ಗಿಸುವುದೋ ಇಡೀ ಕೈಯನ್ನೇ ಸರಿಸುವುದೋ ಎಂಬ ತೀರ್ಮಾನವನ್ನು ಕೈ ಪ್ರತಿ ಸಲವೂ ಮಾಡಬೇಕು. ಬೆರಳನ್ನು ಬಲವಂತವಾಗಿ ಚಾಚುವುದಕ್ಕಿಂತ ಕೈಯನ್ನು ಸರಿಸುವುದೇ ಮೇಲೆಂದು ನಮ್ಮ ಮತ, ಮುಖ್ಯವಾಗಿ ಮಕ್ಕಳ ವಿಷಯದಲ್ಲಿ. ಕೊರಳಿನ ಬುಡದಲ್ಲಿ ಫ್ರೆಟ್ಟುಗಳ ಅಂತರ ಹೆಚ್ಚು. 7ನೆಯ ಫ್ರೆಟ್ಟಿನಾಚೆಗೆ ಅದು ಕಿರಿದಾಗುವುದರಿಂದ ಸಣ್ಣ ಕೈಗಳು ಅಲ್ಲಿಂದ ಆರಂಭಿಸಿದರೂ ತಪ್ಪಿಲ್ಲ.

ಜಂಟಿ ವರಸೆಗೆ ಬಂದರೆ ಹೊಂದಾಣಿಕೆ ಇನ್ನೂ ಸೊಗಸು. ಸಸ ರಿರಿ ಗಗ ಮಮ ಎಂದು ಪ್ರತಿ ಸ್ವರ ಎರಡು ಸಲ. ಪಿಕ್ಕಿನಿಂದ ನುಡಿಸುವವರಿಗೆ ಒಂದು ಮೀಟು ಕೆಳಕ್ಕೆ, ಒಂದು ಮೇಲಕ್ಕೆ. ಉಗುರಿನಿಂದ ನುಡಿಸುವವರಿಗೆ ಒಂದು ತೋರುಬೆರಳು, ಒಂದು ಮಧ್ಯದ ಬೆರಳು. ಬಹುಪಾಲು ಜನರ ಮೇಲ್ಮೀಟು ಕೆಳಮೀಟಿಗಿಂತ ಬಡವಾಗಿರುತ್ತದೆ. ಒಂದೇ ಸ್ವರವನ್ನು ಎರಡೂ ಬಗೆಯಲ್ಲಿ ಅಕ್ಕಪಕ್ಕದಲ್ಲಿ ಕೇಳಿದಾಗ ಆ ಬಡತನ ಬಯಲಾಗುತ್ತದೆ. ಎರಡು ಸಗಳು ಒಂದೇ ಗಂಟಲಿನಿಂದ ಬಂದಂತೆ ಕೇಳಿಸುವವರೆಗೆ ಮುಂದಕ್ಕೆ ಹೋಗಬಾರದು. ದಾಟು ವರಸೆಯಲ್ಲಿ ಸ್ವರಗಳು ಜಿಗಿಯುತ್ತವೆ; ಎಂದರೆ ಬಲಗೈ ಒಂದು ತಂತಿಯಿಂದ ಇನ್ನೊಂದಕ್ಕೆ ಹಾರಬೇಕು. ಗಿಟಾರಿನಲ್ಲಿ ವೇಗ ಎಡವುವುದು ಹೆಚ್ಚಾಗಿ ಇಲ್ಲಿಯೇ, ಒಂದೇ ತಂತಿಯ ಮೇಲಲ್ಲ. ಅಲಂಕಾರಗಳಲ್ಲಿ ನಮಗೆ ಬಹಳ ಪ್ರಿಯವಾದದ್ದು ತಿಸ್ರ ಜಾತಿ ತ್ರಿಪುಟ. ಮೂರು, ಎರಡು, ಎರಡು, ಒಟ್ಟು ಏಳು ಅಕ್ಷರ. ಅಕ್ಷರಕ್ಕೊಂದರಂತೆ ಮೇಲೆ ಕೆಳಗೆ ತಪ್ಪದೆ ಮೀಟುತ್ತ ಹೋದರೆ ಮೊದಲ ಆವರ್ತ ಕೆಳಮೀಟಿನಿಂದ ಆರಂಭವಾದದ್ದು ಎರಡನೆಯ ಆವರ್ತ ಮೇಲ್ಮೀಟಿನಿಂದ ಆರಂಭವಾಗುತ್ತದೆ. ತಾಳದ ಸಮ ಬಡ ಮೀಟಿನ ಪಾಲಿಗೆ ಬರುತ್ತದೆ. ಬಲಗೈಯ ಪಕ್ಷಪಾತವನ್ನು ತೊಡೆಯಲು ಇದಕ್ಕಿಂತ ಅಗ್ಗದ ಉಪಾಯವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಪಶ್ಚಿಮದ ಗಿಟಾರ್ ಪರಂಪರೆ ಇಂತಹ ವಿವೇಕದಿಂದ ವಂಚಿತವಾಗಿದೆಯೆಂದು ಯಾರೂ ತಿಳಿಯಬಾರದು. ಮೌರೋ ಜುಲಿಯಾನಿ 1812ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ತನ್ನ ಮೊದಲ ಕೃತಿಯಲ್ಲಿ ಬಲಗೈಗೆಂದೇ 120 ಪಾಠಗಳನ್ನು ಕೊಟ್ಟ. ಅಷ್ಟಕ್ಕೂ ಎಡಗೈ ಹಿಡಿಯಬೇಕಾದದ್ದು ಎರಡೇ ಸ್ವರಮೇಳಗಳು. ಎಡಗೈಗೆ ಕೆಲಸ ಕಡಿಮೆ ಮಾಡಿ ಗಮನವನ್ನೆಲ್ಲ ಬಲಗೈಗೆ ಹರಿಸುವ ಆ ಉಪಾಯದಲ್ಲಿ ದೊಡ್ಡ ಶಿಕ್ಷಕನ ಬುದ್ಧಿಯಿದೆ. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ಹುಟ್ಟಿದ್ದು 1852ರಲ್ಲಿ. ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ್ದೂ ಅದೇ ವರ್ಷ. ಕಾಕತಾಳೀಯವಷ್ಟೇ, ಆದರೂ ಮೀಟುವ ತಂತಿಯ ಮೇಲೆ ಇಬ್ಬರು ಎರಡು ಖಂಡಗಳಲ್ಲಿ ಆಯುಷ್ಯ ಸವೆಸಿದ್ದನ್ನು ನೆನೆಯಲು ಹಿತವಾಗುತ್ತದೆ. ತಾರೆಗಾನ 'ರೆಕುವೆರ್ದೋಸ್ ದೆ ಲಾ ಅಲ್‌ಹಂಬ್ರಾ' ಕೇಳಿದವರಿಗೆ ಅದರ ಅವಿಚ್ಛಿನ್ನವಾದ ಧಾರೆ ನೆನಪಿರುತ್ತದೆ. ಹೆಬ್ಬೆರಳು ಕೆಳಗಿನ ಸ್ವರವನ್ನು ಮೀಟುತ್ತದೆ, ಉಂಗುರ ಬೆರಳು, ಮಧ್ಯದ ಬೆರಳು, ತೋರುಬೆರಳು ಒಂದರ ಹಿಂದೊಂದು ಮೇಲಿನ ಒಂದೇ ಸ್ವರವನ್ನು ಮೂರು ಸಲ ಮೀಟುತ್ತವೆ, ಮತ್ತೆ ಹೆಬ್ಬೆರಳು. ಈ ನಾಲ್ಕು ಮೀಟುಗಳ ನಡುವಿನ ಅವಕಾಶ ಸಮವಾಗಿದ್ದರೆ ಸಾಧಾರಣ ವೇಗದಲ್ಲಿಯೂ ಅದು ಹರಿಯುವ ನೀರಾಗುತ್ತದೆ. ವಿಷಮವಾಗಿದ್ದರೆ ಎಷ್ಟೇ ವೇಗದಲ್ಲಿ ನುಡಿಸಲಿ, ಕುದುರೆ ಕುಂಟುತ್ತ ಓಡಿದಂತೆ ಕೇಳಿಸುತ್ತದೆ. ಕಿವಿ ವೇಗವೆಂದು ಗ್ರಹಿಸುವುದು ಬಹುಮಟ್ಟಿಗೆ ಸಮತೆಯನ್ನೇ. ಈ ಒಂದು ಸಂಗತಿ ಮಕ್ಕಳಿಗೆ ಕಿವಿಯಾರೆ ಮನವರಿಕೆಯಾದರೆ ಅರ್ಧ ಜಗಳ ಮುಗಿಯಿತು.

ಸ್ಪರ್ಶದ ಹಗುರಕ್ಕೆ ಜಾನ್ ಮೆಕ್‌ಲಾಕ್ಲಿನ್ ಒಳ್ಳೆಯ ನಿದರ್ಶನ. ಗಿಟಾರಿನ ವೇಗಕ್ಕೆ ಹೆಸರಾದ ಈತ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆಯ ಪಾಠ ಹೇಳಿಸಿಕೊಂಡವನು. 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಡನೆ 'ಶಕ್ತಿ' ತಂಡದಲ್ಲಿ ನುಡಿಸುವಾಗ ಫ್ರೆಟ್ಟುಗಳ ನಡುವಿನ ಮರವನ್ನು ತೋಡಿಸಿದ ಗಿಟಾರನ್ನು ಬಳಸಿದ. ಅಂತಹ ಗಿಟಾರಿನಲ್ಲಿ ಬೆರಳಿಗೆ ಮರ ತಗುಲುವುದಿಲ್ಲ. ಬಲವಾಗಿ ಒತ್ತಿದರೆ ಸ್ವರ ಮೇಲಕ್ಕೇರಿ ಅಪಸ್ವರವಾಗುತ್ತದೆ. ವೀಣೆ ನುಡಿಸುವವರಿಗೆ ಇದು ಹೊಸದೇನಲ್ಲ. ಮಾಮೂಲು ಗಿಟಾರಿನಲ್ಲಿ ಮರವೇ ಬೆರಳನ್ನು ತಡೆಯುವುದರಿಂದ ಒತ್ತಡ ಹೆಚ್ಚಾದದ್ದು ಕಿವಿಗೆ ತಿಳಿಯದು, ಕೈಗೆ ಮಾತ್ರ ಆಯಾಸ. ಅದಕ್ಕೊಂದು ಪರೀಕ್ಷೆಯಿದೆ. ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ಮೀಟುತ್ತ ಹೋಗಿ. ಮೊದಲು ಸತ್ತ ಸದ್ದು. ಒತ್ತಡವನ್ನು ಎಳ್ಳಷ್ಟೆಳ್ಳಷ್ಟೇ ಹೆಚ್ಚಿಸಿ. ಸದ್ದು ಗೊರಗುಟ್ಟುತ್ತದೆ, ಆಮೇಲೆ ಒಂದು ಕ್ಷಣದಲ್ಲಿ ಸ್ವರ ತಿಳಿಯಾಗಿ ಹೊಮ್ಮುತ್ತದೆ. ಅಲ್ಲಿಯೇ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಒತ್ತಿದ್ದೆಲ್ಲ ವ್ಯರ್ಥ ವೆಚ್ಚ, ಲೆಕ್ಕಪರಿಶೋಧಕರು ಆಕ್ಷೇಪಿಸಬೇಕಾದ ಬಾಬತ್ತು.

ನಮ್ಮ ವಾದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಗಿಟಾರ್ ಕಲಿಯುವ ಮಗುವಿಗೆ ಬೇಕಾಗಿರುವುದು ಹಾಡುಗಳು. ಸರಳೆ ನುಡಿಸೆಂದರೆ ಎರಡನೆಯ ವರ್ಷದವರೆಗೂ ಕಾಯದೆ ಎರಡನೆಯ ವಾರವೇ ಓಡಿಹೋದೀತು ಎಂದು ಕೆಲವರು ಹೇಳುತ್ತಾರೆ. ನಿಜ. ಹಾಡನ್ನು ಬಿಡಿಸಬೇಕಾಗಿಲ್ಲ. ಹಾಡಿಗೆ ಬೇಕಾದ ಸ್ವರಮೇಳಗಳ ಬದಲಾವಣೆಯನ್ನೇ ಮೂರು ಕಾಲಕ್ಕೆ ಹೊಂದಿಸಬಹುದು: ಮೊದಲು ನಾಲ್ಕು ಅಕ್ಷರಕ್ಕೊಂದು ಬದಲಾವಣೆ, ಬಳಿಕ ಎರಡಕ್ಕೊಂದು, ಕೊನೆಗೆ ಅಕ್ಷರಕ್ಕೊಂದು. ತಾಳ ಅಲ್ಲಾಡಬಾರದೆಂಬ ಕಟ್ಟಳೆ ಮಾತ್ರ ಇರಲಿ. ಕರ್ನಾಟಕ ಸಂಗೀತದ ಪಾಠಶಾಲೆಗಳಲ್ಲಿಯೇ ಸರಳೆಯನ್ನು ಮಗ್ಗಿಯಂತೆ ಒದರಿಸುತ್ತಾರಲ್ಲ, ಅದರಿಂದ ಯಾರ ಕೈ ಪಳಗಿತು ಎಂಬ ಇನ್ನೊಂದು ಆಕ್ಷೇಪವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಒದರಿದರೆ ಯಾವ ಪದ್ಧತಿಯೂ ಒದರಾಟವೇ.

ಮೂರನೆಯ ಆಕ್ಷೇಪ ಗಂಭೀರವಾದದ್ದು. ವೇಗವಾದರೂ ಏಕೆ ಬೇಕು? ಬಿ. ಬಿ. ಕಿಂಗ್ ಒಂದೇ ಸ್ವರವನ್ನು ಎಳೆದು ನಡುಗಿಸಿ ಸಭೆಯನ್ನು ಹಿಡಿದಿಡುತ್ತಿದ್ದ. ಸಾವಿರ ಸ್ವರಗಳ ಓಟ ಅವನಿಗೆ ಬೇಕಾಗಲಿಲ್ಲ. ಈ ಮಾತನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ನಮ್ಮ ಉತ್ತರ ಬೇರೆ ದಿಕ್ಕಿನದು. ಸೆಕೆಂಡಿಗೆ ಆರು ಸ್ವರ ನುಡಿಸುವುದೇ ಯಾರ ಗರಿಷ್ಠ ಶಕ್ತಿಯೋ ಅವರು ಐದು ಸ್ವರಗಳನ್ನು ನುಡಿಸುವಾಗಲೂ ಉಸಿರು ಬಿಗಿಹಿಡಿದಿರುತ್ತಾರೆ. ಎಂಟು ಬಲ್ಲವರಿಗೆ ಅದೇ ಐದರಲ್ಲಿ ಸ್ವರವನ್ನು ಬಾಗಿಸಲು, ತೂಗಲು, ಮುಂದಿನ ಸಾಲನ್ನು ಯೋಚಿಸಲು ಪುರುಸೊತ್ತಿರುತ್ತದೆ. ವೇಗ ಕೈಯಲ್ಲಿ ಉಳಿತಾಯವಾಗಿರಬೇಕು, ಖರ್ಚು ಮಾಡಲೇಬೇಕೆಂದಿಲ್ಲ.

ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 'ದಿ ಇಂಡಿಯನ್ ಜಗ್ಲರ್ಸ್' ಎಂಬ ಪ್ರಬಂಧದಲ್ಲಿ, ನಾಲ್ಕು ಹಿತ್ತಾಳೆಯ ಚೆಂಡುಗಳನ್ನು ಒಟ್ಟಿಗೆ ಗಾಳಿಯಲ್ಲಿ ಆಡಿಸುವ ಭಾರತೀಯನೊಬ್ಬನ ಕೈಚಳಕವನ್ನು ಕಂಡು ಬೆರಗಾಗಿ, ತನ್ನ ಬರಹಗಳು ಅದರ ಮುಂದೆ ಎಷ್ಟು ಅರೆಬರೆಯೆಂದು ನಾಚುತ್ತಾನೆ. ಎಂ.ಎ. ತರಗತಿಯಲ್ಲಿ ಓದಿದ ಗದ್ಯದಲ್ಲಿ ಗಿಟಾರ್ ಅಭ್ಯಾಸಕ್ಕೆ ನೇರವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ನಾವು ತಮಾಷೆಗೆ ಹೇಳುವುದುಂಟು. ಹ್ಯಾಜ್ಲಿಟ್ ಕಂಡ ತಿರುಳು ಇದು: ಕೈಯ ವಿದ್ಯೆಯಲ್ಲಿ ಸೋಲು ಗೆಲುವು ಆ ಕ್ಷಣದಲ್ಲಿಯೇ ತೀರ್ಮಾನವಾಗುತ್ತದೆ, ಚೆಂಡು ಕೈಯಲ್ಲಿರುತ್ತದೆ ಅಥವಾ ನೆಲಕ್ಕೆ ಬೀಳುತ್ತದೆ, ಬರವಣಿಗೆಗೆ ಅಂತಹ ನಿಷ್ಠುರ ನ್ಯಾಯಾಧೀಶನಿಲ್ಲ. ಗಿಟಾರಿಗೂ ಆ ನ್ಯಾಯಾಧೀಶನಿದ್ದಾನೆ, ಕೇಳಿಸಿಕೊಂಡರೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಅರ್ಧ ವೇಗದಲ್ಲಿ ಮರಳಿ ಹಾಕಿದರೆ ಬಿದ್ದ ಚೆಂಡುಗಳನ್ನೆಲ್ಲ ಎಣಿಸಬಹುದು. ಮಕ್ಕಳನ್ನು ಕೆಡಿಸಿತೆಂದು ನಾವು ದೂರುವ ಅದೇ ಯಂತ್ರ ಇಲ್ಲಿ ಗುರುವಿನ ಕೆಲಸ ಮಾಡುತ್ತದೆ.

ನೋವಿನ ವಿಷಯವನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕು. ಬೆರಳ ತುದಿಯ ಚರ್ಮ ಮೊದಲ ವಾರಗಳಲ್ಲಿ ಉರಿಯುವುದು ಸಹಜ, ಅದು ಗಟ್ಟಿಯಾಗುತ್ತದೆ. ಮಣಿಕಟ್ಟು, ಮುಂಗೈ, ಹೆಬ್ಬೆರಳಿನ ಬುಡ ನೋಯುವುದು ಸಹಜವಲ್ಲ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈಯ ಎರಡು ಬೆರಳುಗಳ ಹತೋಟಿ ಕಳೆದುಕೊಂಡು, ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸುತ್ತ ದಶಕಗಳನ್ನು ಕಳೆಯಬೇಕಾಯಿತು. ಗಿಟಾರ್ ವಾದಕ ಡೇವಿಡ್ ಲೈಸ್ನರ್‌ಗೂ ಅದೇ ಬಗೆಯ ಡಿಸ್ಟೋನಿಯಾ ಬಂದು, ವರ್ಷಗಳ ಬಳಿಕ ತನ್ನದೇ ಆದ ಮರುಶಿಕ್ಷಣದಿಂದ ವಾದನಕ್ಕೆ ಮರಳಿದ. ಅವರು ದಿನವಿಡೀ ನುಡಿಸುವ ವೃತ್ತಿಪರರು, ನಮಗೂ ಅವರಿಗೂ ಹೋಲಿಕೆಯಿಲ್ಲ ಎನ್ನಬಹುದು. ಆದರೆ ದಿನಕ್ಕೆ ಎಂಟು ಗಂಟೆ ಕೀಲಿಮಣೆ ಬಡಿದು, ಮೆಟ್ರೊದಲ್ಲಿ ಕಂಬಿ ಹಿಡಿದು ನೇತಾಡಿ ಬಂದ ನಲವತ್ತೈದರ ಕೈಯೂ ವಿಶ್ರಾಂತ ಕೈಯೇನಲ್ಲ. ಜಾಂಗೋ ರೈನ್‌ಹಾರ್ಟ್ 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಬಳಕೆಯನ್ನು ಬಹುಮಟ್ಟಿಗೆ ಕಳೆದುಕೊಂಡು, ಉಳಿದೆರಡರಿಂದಲೇ ಜಾಸ್ ಗಿಟಾರಿನ ಅತಿ ವೇಗದ ಸಾಲುಗಳನ್ನು ನುಡಿಸಿದ. ಬೆರಳುಗಳ ಲೆಕ್ಕಕ್ಕಿಂತ ಅವು ಮಾಡುವ ಚಲನೆಯ ಮಿತವ್ಯಯ ದೊಡ್ಡದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನೋಯುವ ಕೈಯಿಂದ ಮುಂದುವರಿಯಿರೆಂದು ಹುರಿದುಂಬಿಸುವ ಶಿಕ್ಷಕರಿದ್ದರೆ ಶಿಕ್ಷಕರನ್ನು ಬದಲಿಸುವುದು ಉತ್ತಮ.

ಹೊತ್ತಿನ ಹಂಚಿಕೆಯ ಬಗ್ಗೆ ಎರಡು ಮಾತು. ಭಾನುವಾರ ಮೂರು ಗಂಟೆ ಕುಳಿತು ವಾರವಿಡೀ ಮುಟ್ಟದಿರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಲೇಸು. ಬೆರಳುಗಳ ಚಲನೆಯ ಕ್ರಮವೊಂದನ್ನು ಕಲಿತು ಮಲಗಿ ಎದ್ದವರು ಮರುದಿನ ಅದನ್ನು ಇನ್ನೂ ಚುರುಕಾಗಿ, ಇನ್ನೂ ಸರಿಯಾಗಿ ಮಾಡುತ್ತಾರೆಂದು ನಿದ್ರೆಯ ಬಗೆಗಿನ ಪ್ರಯೋಗಗಳು ತೋರಿಸಿವೆ. ವಾರಕ್ಕೆ ಏಳು ರಾತ್ರಿಗಳ ಲಾಭವನ್ನು ಬಿಟ್ಟು ಒಂದನ್ನೇ ನೆಚ್ಚುವುದು ಜಾಣತನವಲ್ಲ. ದೆಹಲಿಯ ಡಿಸೆಂಬರ್ ಜನವರಿಗಳಲ್ಲಿ ಬೆರಳು ಮರಗಟ್ಟಿರುವಾಗ ನೇರವಾಗಿ ಮೂರನೆಯ ಕಾಲಕ್ಕೆ ಹೋಗಬಾರದು. ಬಿಸಿನೀರಿನಲ್ಲಿ ಕೈ ತೊಳೆದು, ಒಂದನೆಯ ಕಾಲದಲ್ಲಿ ಹತ್ತು ನಿಮಿಷ ಕಳೆಯಬೇಕು. ಮುಂಬಯಿ ಚೆನ್ನೈಗಳ ಗೆಳೆಯರಿಗೆ ಈ ಕಷ್ಟವಿಲ್ಲ. ಅವರ ತಂತಿಗಳಿಗೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಯ ಮೇಲೆ ಬೆರಳು ಜಾರದು, ಆ ದೋಷ ಕೈಯದೆಂದು ಭ್ರಮಿಸಿ ಸೊರಗುವವರಿದ್ದಾರೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒಮ್ಮೆ ಒರೆಸಿಟ್ಟರೆ ತಂತಿಗಳ ಬಾಳಿಕೆ ಹೆಚ್ಚುತ್ತದೆ.

ಕೊನೆಯದಾಗಿ, ಹೊರನಾಡಿನ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮದೊಂದು ವಿನಂತಿ. ರಾಜ್ಯೋತ್ಸವದ ಮಕ್ಕಳ ಕಾರ್ಯಕ್ರಮಕ್ಕೆ ಗಿಟಾರ್ ಹಿಡಿದು ಬರುವ ಮಗುವಿನಿಂದ ಪ್ರತಿ ವರ್ಷವೂ ಚಲನಚಿತ್ರದ ಅದೇ ವೇಗದ ತುಣುಕನ್ನು ಬಯಸಬೇಡಿ. ಈ ನವೆಂಬರಿನಲ್ಲಿ ಒಂದು ಮಗುವಿಗಾದರೂ ಜಂಟಿ ವರಸೆಯನ್ನು ಮೂರು ಕಾಲದಲ್ಲಿ ನುಡಿಸುವ ಅವಕಾಶ ಕೊಡಿ. ಪಕ್ಕದಲ್ಲಿ ಮಗುವಿನ ಅಜ್ಜಿಯೋ ಸೋದರತ್ತೆಯೋ, ಸಂಗೀತ ಬಲ್ಲ ಯಾರಾದರೂ ಸರಿ, ಕುಳಿತು ಆದಿತಾಳ ಹಾಕಲಿ. ನಾಲ್ಕು ನಿಮಿಷ ಸಾಕು. ಮೂರನೆಯ ಕಾಲದಲ್ಲಿ ಕೈ ತಡವರಿಸಿದರೆ ತಾಳವನ್ನು ಇಳಿಸಿ ಮತ್ತೊಮ್ಮೆ ಆರಂಭಿಸಲು ಬಿಡಿ, ನಡುವೆ ಚಪ್ಪಾಳೆ ಹೊಡೆದು ಅವಸರಪಡಿಸಬೇಡಿ. ಮೈಕನ್ನು ಗಿಟಾರಿನ ಕುಳಿಗೆ ತೀರ ಹತ್ತಿರ ಇಡದೆ ಒಂದು ಗೇಣು ದೂರದಲ್ಲಿ, ಹನ್ನೆರಡನೆಯ ಫ್ರೆಟ್ಟಿನ ಕಡೆಗೆ ತಿರುಗಿಸಿಟ್ಟರೆ ಗುಂಯ್ ಎಂಬ ಸದ್ದು ತಗ್ಗಿ ಒಂದೊಂದು ಮೀಟೂ ಹಿಂದಿನ ಸಾಲಿನವರೆಗೆ ಬಿಡಿಬಿಡಿಯಾಗಿ ತಲಪುತ್ತದೆ.